ಮಿಲ್ಲಿಂಗ್ ಕಟರ್ ಮತ್ತು ಕಾರ್ಬೈಡ್ ಇನ್ಸರ್ಟ್‌ಗಳ ಆಯ್ಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಆಯ್ಕೆಯನ್ನು ಎಲ್ಲಿಂದ ಆರಂಭಿಸಬೇಕು?

ಮಿಲ್ಲಿಂಗ್ ಎಂದರೆ ತಿರುಗುವ ಕಟರ್‌ನ ಹಲ್ಲುಗಳಿಂದ ಲೋಹ ಕತ್ತರಿಸುವುದು; ಆ ಹಲ್ಲುಗಳಾಗಿ ಕಟರ್‌ಗೆ ಸ್ಕ್ರೂ ಹಾಕಿ ಕೂರಿಸುವ, ಸವೆದಾಗ ಬದಲಿಸುವ ಕಾರ್ಬೈಡ್ ತುಣುಕೇ ಇನ್ಸರ್ಟ್. ಆಯ್ಕೆಯನ್ನು ಇನ್ಸರ್ಟ್‌ನಿಂದ ಆರಂಭಿಸಬಾರದು. ಮೊದಲು ಜಾಬ್ (ಕತ್ತರಿಸಬೇಕಾದ ವಸ್ತು) ಯಾವ ಲೋಹದ್ದು, ಅದನ್ನು ಎಷ್ಟು ಭದ್ರವಾಗಿ ಕಟ್ಟಲು ಸಾಧ್ಯ, ಕಟರ್ ಅನ್ನು ತಿರುಗಿಸುವ ಸ್ಪಿಂಡಲ್‌ಗೆ ಎಷ್ಟು ಶಕ್ತಿಯಿದೆ, ಕಟರ್ ಹೋಲ್ಡರ್‌ನಿಂದ ಎಷ್ಟು ಉದ್ದ ಹೊರಚಾಚಬೇಕಾಗುತ್ತದೆ ಎಂಬುದನ್ನು ನೋಡಿಕೊಳ್ಳಬೇಕು. ಇವು ಗೊತ್ತಾದ ಮೇಲೆ ಕಟರ್‌ನ ಕೋನ, ವ್ಯಾಸ ಮತ್ತು ಹಲ್ಲುಗಳ ಸಂಖ್ಯೆಯನ್ನೂ, ಆಮೇಲೆ ಇನ್ಸರ್ಟ್‌ನ ಆಕಾರ ಮತ್ತು ಅಲಗಿನ ಸ್ವರೂಪವನ್ನೂ ನಿರ್ಧರಿಸಬಹುದು. ಗ್ರೇಡ್ (ಕಾರ್ಬೈಡ್‌ನ ದರ್ಜೆ) ಮತ್ತು ಲೇಪನದ ಮಾತು ಬರುವುದು ಕೊನೆಯಲ್ಲಿ. ಭದ್ರವಾದ ಯಂತ್ರದಲ್ಲಿ ಸಮನಾಗಿ ಸವೆಯುತ್ತಾ ಬಹಳ ಹೊತ್ತು ಬಾಳುವ ಇನ್ಸರ್ಟೇ, ಅಲುಗಾಡುವ ವೈಸ್‌ನಲ್ಲಿ ಕಟ್ಟಿದ ಜಾಬ್‌ನ ಮೇಲೆ ಕೆಲವೇ ನಿಮಿಷಗಳಲ್ಲಿ ಚೂರಾಗುತ್ತದೆ. ಅಂಥ ಕಡೆ ಗ್ರೇಡ್ ಬದಲಿಸಿದರೆ ಹೆಚ್ಚಿನ ಪ್ರಯೋಜನವಿಲ್ಲ.

ಕಾರ್ಬೈಡ್ ಎಂದರೇನು? ಹೈಸ್ಪೀಡ್ ಸ್ಟೀಲ್ ಕಟರ್‌ಗಳಿಗೆ ಇನ್ನೂ ಸ್ಥಾನವಿದೆಯೇ?

ಟಂಗ್‌ಸ್ಟನ್ ಕಾರ್ಬೈಡ್‌ನ ಅತಿ ಸಣ್ಣ ಹರಳುಗಳನ್ನು ಕೋಬಾಲ್ಟ್ ಲೋಹದೊಂದಿಗೆ ಬೆರೆಸಿ, ಅಚ್ಚಿನಲ್ಲಿ ಒತ್ತಿ, ಕುಲುಮೆಯಲ್ಲಿ ಕಾಯಿಸಿ ಬೆಸೆದ ವಸ್ತುವಿಗೆ ಕಾರ್ಬೈಡ್ ಎನ್ನುತ್ತೇವೆ. ಗೋಡೆಯಲ್ಲಿ ಕಲ್ಲುಗಳನ್ನು ಗಾರೆ ಹಿಡಿದಿಡುವಂತೆ ಹರಳುಗಳನ್ನು ಕೋಬಾಲ್ಟ್ ಹಿಡಿದಿಡುತ್ತದೆ. ಕೋಬಾಲ್ಟ್ ಹೆಚ್ಚಾದರೆ ಏಟು ತಡೆಯುವ ಗುಣ ಹೆಚ್ಚುತ್ತದೆ, ಕಡಿಮೆಯಾದರೆ ಕಾಠಿಣ್ಯ ಹೆಚ್ಚುತ್ತದೆ. ಇದು 1920ರ ದಶಕದಲ್ಲಿ ಜರ್ಮನಿಯಲ್ಲಿ ರೂಪುಗೊಂಡಿತು. ಕ್ರುಪ್ ಸಂಸ್ಥೆಯು ಇದನ್ನು ‘ವಜ್ರದಂತೆ’ ಎಂಬ ಅರ್ಥದ ಜರ್ಮನ್ ಪದಗಳಿಂದ ಬಂದ ‘ವಿಡಿಯಾ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು.

ಹೈಸ್ಪೀಡ್ ಸ್ಟೀಲ್ ಸುಮಾರು 600 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೆತ್ತಗಾಗತೊಡಗುತ್ತದೆ, ಕಾರ್ಬೈಡ್ ಅದಕ್ಕಿಂತ ಹೆಚ್ಚಿನ ಬಿಸಿಯಲ್ಲೂ ತನ್ನ ಕಾಠಿಣ್ಯವನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ. ಆದ್ದರಿಂದಲೇ ಕಾರ್ಬೈಡ್ ಕಟರ್ ಅನ್ನು ಹಲವು ಪಟ್ಟು ಹೆಚ್ಚಿನ ವೇಗದಲ್ಲಿ ಓಡಿಸಬಹುದು. ಆದರೂ ಸ್ಪಿಂಡಲ್ ವೇಗ ಕಡಿಮೆಯಿರುವ ಹಳೆಯ ಯಂತ್ರದಲ್ಲಿ, ಕಂಪನ ತಪ್ಪಿಸಲಾಗದ ಉದ್ದ ಮತ್ತು ಸಣಕಲು ಕಟರ್‌ಗಳಲ್ಲಿ, ವಿಶೇಷ ಆಕಾರಕ್ಕೆ ಕೈಯಾರೆ ಮಸೆದುಕೊಳ್ಳಬೇಕಾದ ಕಡೆ ಹೈಸ್ಪೀಡ್ ಸ್ಟೀಲ್ ಇಂದಿಗೂ ಸರಿಯಾದ ಆಯ್ಕೆಯೇ.

ಇನ್ಸರ್ಟ್ ಕಟರ್ ತೆಗೆದುಕೊಳ್ಳಬೇಕೋ, ಸಾಲಿಡ್ ಕಾರ್ಬೈಡ್ ಎಂಡ್ ಮಿಲ್ಲೋ?

ಸಾಲಿಡ್ ಎಂಡ್ ಮಿಲ್ ಎಂದರೆ ಇಡಿಯಾಗಿ ಕಾರ್ಬೈಡ್‌ನಿಂದಲೇ ಮಾಡಿದ ಕಟರ್. ವ್ಯಾಸವೇ ಬಹುಮಟ್ಟಿಗೆ ಇದನ್ನು ತೀರ್ಮಾನಿಸುತ್ತದೆ. 12 ಮಿಲಿಮೀಟರ್‌ಗಿಂತ ಸಣ್ಣ ಕಟರ್‌ನಲ್ಲಿ ಇನ್ಸರ್ಟ್, ಅದರ ಸ್ಕ್ರೂ ಮತ್ತು ಅದು ಕೂರುವ ಸೀಟ್‌ಗೆ ಜಾಗ ಸಾಲದ ಕಾರಣ ಅಲ್ಲಿ ಸಾಲಿಡ್ ಎಂಡ್ ಮಿಲ್ಲೇ ಗಟ್ಟಿಮುಟ್ಟು. 25 ಮಿಲಿಮೀಟರ್ ದಾಟಿದ ಮೇಲೆ ಸಾಲಿಡ್ ಕಾರ್ಬೈಡ್ ಎಂಬುದು ಬೆಲೆಬಾಳುವ ವಸ್ತುವಿನ ದುಂದು, ಅಲ್ಲಿ ಇನ್ಸರ್ಟ್ ಕಟರ್ ಬಳಸಬೇಕು. ಎರಡರ ನಡುವೆ, ರಫಿಂಗ್‌ಗೆ (ಹೆಚ್ಚು ಲೋಹವನ್ನು ಒರಟಾಗಿ ಬೇಗ ತೆಗೆಯುವುದಕ್ಕೆ) ಇನ್ಸರ್ಟ್ ಕಟರ್, ನಿಖರವಾದ ಗೋಡೆ ಮತ್ತು ಪಾಕೆಟ್ (ಗುಳಿ) ಫಿನಿಶಿಂಗ್‌ಗೆ (ಕೊನೆಯ ನಯಗೆಲಸಕ್ಕೆ) ಸಾಲಿಡ್ ಎಂದು ಇಟ್ಟುಕೊಳ್ಳಬಹುದು. ಸಾಲಿಡ್ ಎಂಡ್ ಮಿಲ್‌ನಲ್ಲಿ ಅಲ್ಯೂಮಿನಿಯಂಗೆ 2 ಅಥವಾ 3 ಹಲ್ಲು, ಉಕ್ಕಿಗೆ 4 ಹಲ್ಲು ಎಂಬುದು ರೂಢಿ. ಅಲ್ಯೂಮಿನಿಯಂನ ಚಿಪ್ (ಕತ್ತರಿಸಿ ಬರುವ ಲೋಹದ ಚೂರು) ದೊಡ್ಡದಾಗಿ, ಬೇಗ ಬೇಗ ಬರುವುದರಿಂದ ಹಲ್ಲುಗಳ ನಡುವೆ ಅದಕ್ಕೆ ಅಗಲವಾದ ಜಾಗ ಬೇಕಾಗುತ್ತದೆ.

90 ಡಿಗ್ರಿ, 45 ಡಿಗ್ರಿ, ದುಂಡು ಇನ್ಸರ್ಟ್, ಹೈ ಫೀಡ್: ಈ ಕಟರ್‌ಗಳ ನಡುವಿನ ವ್ಯತ್ಯಾಸವೇನು?

ಅಲಗು ಜಾಬ್‌ನ ಮೇಲ್ಮೈಗೆ ಯಾವ ಕೋನದಲ್ಲಿ ನಿಂತಿದೆ ಎಂಬುದೇ ವ್ಯತ್ಯಾಸ. ಈ ಒಂದು ಕೋನವು ಬಲ ಯಾವ ದಿಕ್ಕಿಗೆ ಹೋಗುತ್ತದೆ, ಚಿಪ್ ಎಷ್ಟು ದಪ್ಪವಾಗಿ ಬರುತ್ತದೆ ಎಂಬ ಎರಡನ್ನೂ ನಿರ್ಧರಿಸುತ್ತದೆ.

90 ಡಿಗ್ರಿ ಕಟರ್‌ನಲ್ಲಿ ಬಲವೆಲ್ಲ ಹೆಚ್ಚಾಗಿ ಅಡ್ಡಕ್ಕೆ ಬೀಳುತ್ತದೆ. ಚೌಕ ಮೂಲೆಯ ಮೆಟ್ಟಿಲು ಬೇಕಾದಾಗ ಇದು ಅನಿವಾರ್ಯ, ಕೆಳಮುಖ ಒತ್ತಡಕ್ಕೆ ಬಾಗುವ ತೆಳು ತಳದ ಜಾಬ್‌ಗೆ ಅನುಕೂಲ. 45 ಡಿಗ್ರಿ ಕಟರ್‌ನಲ್ಲಿ ಬಲ ಅಡ್ಡಕ್ಕೂ ಕೆಳಕ್ಕೂ ಹಂಚಿಹೋಗುವುದರಿಂದ ಕಟ್ ನಯವಾಗಿ ಸಾಗುತ್ತದೆ. ಅಲಗು ಜಾಬ್‌ನ ಅಂಚಿನಿಂದ ಹೊರಬರುವಾಗ ಬೀಡು ಕಬ್ಬಿಣದ ಅಂಚು ಮುರಿದು ಉದುರುವುದೂ ಕಡಿಮೆಯಾಗುತ್ತದೆ. ಸಮತಟ್ಟು ಮೇಲ್ಮೈ ತೆಗೆಯುವುದಷ್ಟೇ (ಫೇಸಿಂಗ್) ಕೆಲಸವಾಗಿದ್ದರೆ 45 ಡಿಗ್ರಿಯನ್ನೇ ಆರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಎಲ್ಲ ಕೆಲಸಕ್ಕೂ 90 ಡಿಗ್ರಿಯ ಒಂದೇ ಕಟರ್ ಸಾಕು ಎಂದುಕೊಂಡು ಫೇಸಿಂಗ್‌ಗೂ ಅದನ್ನೇ ಓಡಿಸುವವರು, ಇನ್ಸರ್ಟ್‌ನ ಬಾಳಿಕೆಯಲ್ಲಿ ಎಷ್ಟು ಕಳೆದುಕೊಳ್ಳುತ್ತಿದ್ದೇವೆ ಎಂಬುದನ್ನು ಒಮ್ಮೆ ಎಣಿಸಿ ನೋಡಬೇಕು.

ದುಂಡು ಇನ್ಸರ್ಟ್‌ಗೆ ಮುರಿಯುವ ಮೂಲೆಯೇ ಇಲ್ಲದಿರುವುದರಿಂದ ಅದು ಎಲ್ಲಕ್ಕಿಂತ ಗಟ್ಟಿ. ಸವೆದಂತೆಲ್ಲ ಸ್ವಲ್ಪ ಸ್ವಲ್ಪ ತಿರುಗಿಸಿ ಹಲವು ಬಾರಿ ಬಳಸಬಹುದು. ಹೈ ಫೀಡ್ ಕಟರ್‌ನಲ್ಲಿ ಈ ಕೋನ ಸುಮಾರು 10ರಿಂದ 15 ಡಿಗ್ರಿ ಮಾತ್ರ. ಬಲವು ಬಹುತೇಕ ನೇರವಾಗಿ ಸ್ಪಿಂಡಲ್‌ನ ಕಡೆಗೆ ಹೋಗುವುದರಿಂದ ಕಟರ್ ಬಹಳ ಹೊರಚಾಚಿದ್ದರೂ ನಡುಗುವುದಿಲ್ಲ. ಆಳವಾದ ಅಚ್ಚುಗಳ ರಫಿಂಗ್‌ಗೆ ಇದು ಅತ್ಯುತ್ತಮ, ಆದರೆ ಪ್ರತಿ ಪಾಸ್‌ನ (ಜಾಬ್‌ನ ಮೇಲೆ ಕಟರ್‌ನ ಒಂದು ಓಟದ) ಆಳ ಸಾಮಾನ್ಯವಾಗಿ 1 ಅಥವಾ 2 ಮಿಲಿಮೀಟರ್ ಮೀರುವಂತಿಲ್ಲ.

ಫೀಡ್ ಕಡಿಮೆ ಇಟ್ಟರೆ ಇನ್ಸರ್ಟ್ ಹೆಚ್ಚು ದಿನ ಬರುತ್ತದೆಯಲ್ಲವೇ?

ಇಲ್ಲ. ಫೀಡ್ ಎಂದರೆ ಕಟರ್ ಜಾಬ್‌ನೊಳಗೆ ಮುಂದೆ ಸಾಗುವ ಪ್ರಮಾಣ. ಈ ಪುಟದಲ್ಲಿ ಒಂದೇ ಉತ್ತರವನ್ನು ಓದಲು ಸಮಯವಿದ್ದರೆ ಇದನ್ನು ಓದಿ ಎಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ಹೆದರಿಕೆಯಿಂದ ಫೀಡ್ ತಗ್ಗಿಸಿ ಹಾಳಾದ ಅಲಗುಗಳಿಗೆ ಲೆಕ್ಕವಿಲ್ಲ.

ಇನ್ಸರ್ಟ್‌ನ ಅಲಗು ಬರಿಗಣ್ಣಿಗೆ ಚೂಪಾಗಿ ಕಂಡರೂ, ಗಟ್ಟಿಯಾಗಿರಲೆಂದು ಅದನ್ನು ಮಿಲಿಮೀಟರಿನ ನೂರನೇ ಕೆಲವು ಭಾಗದಷ್ಟು ದುಂಡಾಗಿಸಿರುತ್ತಾರೆ. ಚಿಪ್‌ನ ದಪ್ಪ ಈ ದುಂಡಗಿನ ಅಂಚಿಗಿಂತ ಕಡಿಮೆಯಾದರೆ ಅಲಗು ಲೋಹವನ್ನು ಕತ್ತರಿಸುವುದಿಲ್ಲ, ಉಜ್ಜುತ್ತದೆ. ಉಜ್ಜಿದರೆ ಬಿಸಿ ಹೆಚ್ಚುತ್ತದೆ, ಕಂಪನ ಹುಟ್ಟುತ್ತದೆ. ಸ್ಟೇನ್‌ಲೆಸ್ ಸ್ಟೀಲ್‌ನಂಥ ಲೋಹದ ಮೇಲ್ಮೈ ಉಜ್ಜಿಸಿಕೊಂಡು ಗಡುಸಾಗುತ್ತದೆ, ಮುಂದಿನ ಹಲ್ಲು ಆ ಗಡುಸು ಪದರವನ್ನೇ ಕತ್ತರಿಸಬೇಕಾಗುತ್ತದೆ.

ಹಲ್ಲೊಂದಕ್ಕೆ ಕೊಟ್ಟ ಫೀಡ್ ಮತ್ತು ನಿಜವಾಗಿ ಬರುವ ಚಿಪ್‌ನ ದಪ್ಪ ಯಾವಾಗಲೂ ಒಂದೇ ಆಗಿರುವುದಿಲ್ಲ. 45 ಡಿಗ್ರಿ ಕಟರ್‌ನಲ್ಲಿ ಹಲ್ಲೊಂದಕ್ಕೆ 0.20 ಮಿಲಿಮೀಟರ್ ಫೀಡ್ ಕೊಟ್ಟರೆ ಚಿಪ್ ದಪ್ಪ ಸುಮಾರು 0.14 ಮಾತ್ರ. 10 ಡಿಗ್ರಿಯ ಹೈ ಫೀಡ್ ಕಟರ್‌ನಲ್ಲಿ ಹಲ್ಲೊಂದಕ್ಕೆ 1 ಮಿಲಿಮೀಟರ್ ಕೊಟ್ಟರೂ ಚಿಪ್ ಸುಮಾರು 0.17 ಮಿಲಿಮೀಟರ್ ದಪ್ಪವಿರುತ್ತದೆ. ಆ ಕಟರ್ ಅಷ್ಟು ವೇಗವಾಗಿ ಓಡಬಲ್ಲದು, ಓಡಲೇಬೇಕು ಎನ್ನುವುದಕ್ಕೆ ಇದೇ ಕಾರಣ.

ಇನ್ನೊಂದು ಬಗೆಯಲ್ಲೂ ಚಿಪ್ ತೆಳುವಾಗುತ್ತದೆ. ಗೋಡೆಯ ಪಕ್ಕದಲ್ಲಿ ಕಟರ್‌ನ ವ್ಯಾಸದ ಅರ್ಧಕ್ಕಿಂತ ಕಡಿಮೆ ಅಗಲವನ್ನು ಕತ್ತರಿಸುವಾಗ, ಹಲ್ಲು ಪೂರ್ಣ ದಪ್ಪದ ಚಿಪ್ ತೆಗೆಯುವ ಸ್ಥಾನವನ್ನು ತಲುಪುವುದೇ ಇಲ್ಲ. ಅಗಲವು ವ್ಯಾಸದ ಹತ್ತನೇ ಒಂದು ಭಾಗವಾಗಿದ್ದರೆ ಚಿಪ್‌ನ ಗರಿಷ್ಠ ದಪ್ಪ ಫೀಡ್‌ನ 60 ಪ್ರತಿಶತದಷ್ಟೇ ಆಗುತ್ತದೆ. ಹಾಗಾಗಿ ಅಲ್ಲಿ ಫೀಡ್ ಅನ್ನು ಸುಮಾರು 1.7 ಪಟ್ಟು ಏರಿಸಿದರೆ ಮಾತ್ರ ಅಲಗಿಗೆ ತಕ್ಕ ಚಿಪ್ ಸಿಗುತ್ತದೆ.

ಕಟರ್‌ನ ವ್ಯಾಸ ಎಷ್ಟಿರಬೇಕು, ಅದನ್ನು ಜಾಬ್‌ನ ಮೇಲೆ ಎಲ್ಲಿ ನಿಲ್ಲಿಸಬೇಕು?

ಫೇಸಿಂಗ್‌ನಲ್ಲಿ ಕಟರ್‌ನ ವ್ಯಾಸವು ಕತ್ತರಿಸುವ ಅಗಲಕ್ಕಿಂತ 20ರಿಂದ 50 ಪ್ರತಿಶತ ಹೆಚ್ಚಿರಬೇಕು. 50 ಮಿಲಿಮೀಟರ್ ಅಗಲಕ್ಕೆ 63 ಮಿಲಿಮೀಟರ್ ಕಟರ್ ಸರಿಹೊಂದುತ್ತದೆ. ಜಾಬ್ ಅಷ್ಟೇ ಅಗಲದ ಕಟರ್ ಹಾಕಿದರೆ ಹಲ್ಲು ಒಳಹೊಗುವಾಗಲೂ ಹೊರಬರುವಾಗಲೂ ಚಿಪ್ ತೀರ ತೆಳುವಾಗಿ ಉಜ್ಜಾಟ ಆರಂಭವಾಗುತ್ತದೆ. ಜಾಬ್ ಇನ್ನೂ ಅಗಲವಿದ್ದರೆ ದೊಡ್ಡ ಕಟರ್ ಹುಡುಕುವ ಬದಲು ಪಾಸ್‌ಗಳನ್ನು ಹೆಚ್ಚಿಸುವುದು ಲೇಸು.

ಕಟರ್ ಅನ್ನು ಜಾಬ್‌ನ ನಟ್ಟನಡುವೆ ಓಡಿಸುವುದೂ ಒಳ್ಳೆಯದಲ್ಲ. ಹಲ್ಲು ಒಳಹೊಗುವಾಗ ಒಂದು ಕಡೆಗೆ, ಹೊರಬರುವಾಗ ಇನ್ನೊಂದು ಕಡೆಗೆ ಬಲ ತಿರುಗುವುದರಿಂದ ಕಂಪನ ಹುಟ್ಟುತ್ತದೆ. ಮಧ್ಯದಿಂದ ಸ್ವಲ್ಪ ಪಕ್ಕಕ್ಕೆ ಸರಿಸಿ, ಹಲ್ಲು ದಪ್ಪ ಚಿಪ್‌ನಿಂದ ಆರಂಭಿಸಿ ತೆಳು ಚಿಪ್‌ನಲ್ಲಿ ಹೊರಬರುವಂತೆ ನಿಲ್ಲಿಸಬೇಕು. ಜಾಬ್‌ಗೆ ಮೊದಲು ತಾಗುವಾಗ ನೇರವಾಗಿ ನುಗ್ಗಿಸದೆ, ಕಮಾನಿನಂಥ ದಾರಿಯಲ್ಲಿ ಸುತ್ತಿ ಒಳತಂದರೆ ಇನ್ಸರ್ಟ್‌ಗೆ ಬೀಳುವ ಮೊದಲ ಏಟುಗಳು ಮೃದುವಾಗುತ್ತವೆ.

ಹಲ್ಲು ಹೆಚ್ಚಿದ್ದಷ್ಟೂ ಒಳ್ಳೆಯದೇ?

ಯಂತ್ರಕ್ಕೆ ಶಕ್ತಿಯಿದ್ದು, ಚಿಪ್‌ಗೆ ಹೊರಹೋಗಲು ದಾರಿಯಿದ್ದರೆ ಮಾತ್ರ. ಬೀಡು ಕಬ್ಬಿಣದ ಚಿಪ್ ಪುಡಿಪುಡಿಯಾಗಿ ಉದುರುವುದರಿಂದ ಅಲ್ಲಿ ಹಲ್ಲುಗಳನ್ನು ಒತ್ತೊತ್ತಾಗಿ ಇಡಬಹುದು. ಉಕ್ಕಿನಲ್ಲಿ ಪೂರ್ಣ ಅಗಲದ ತೋಡು ತೆಗೆಯುವಾಗ, ಯಂತ್ರ ಸಣ್ಣದಿದ್ದಾಗ, ಕಟರ್ ಬಹಳ ಹೊರಚಾಚಿದ್ದಾಗ ವಿರಳ ಹಲ್ಲಿನ ಕಟರ್ ಬೇಕು. ಕೆಲವು ಕಟರ್‌ಗಳಲ್ಲಿ ಹಲ್ಲುಗಳ ನಡುವಿನ ಅಂತರವನ್ನು ಉದ್ದೇಶಪೂರ್ವಕವಾಗಿ ಅಸಮವಾಗಿ ಇಟ್ಟಿರುತ್ತಾರೆ. ಏಟುಗಳು ಒಂದೇ ತಾಳದಲ್ಲಿ ಬೀಳದಿರುವುದರಿಂದ ಕಂಪನವು ಬೆಳೆಯುವ ಮೊದಲೇ ಮುರಿಯುತ್ತದೆ.

ಡಬ್ಬಿಯ ಮೇಲಿನ ಎಪಿಕೆಟಿ 1604 ಪಿಡಿಇಆರ್ ಎಂಬಂಥ ಸಂಕೇತವನ್ನು ಓದುವುದು ಹೇಗೆ?

ಇದು ಐಎಸ್‌ಒ 1832 ಎಂಬ ಅಂತರರಾಷ್ಟ್ರೀಯ ಮಾನದಂಡದ ಲಿಪಿ. ಮೊದಲ ಅಕ್ಷರ ಆಕಾರ: ‘ಎ’ ಎಂದರೆ 85 ಡಿಗ್ರಿಯ ಸಮಾಂತರ ಚತುರ್ಭುಜ, ‘ಎಸ್’ ಚೌಕ, ‘ಆರ್’ ದುಂಡು, ‘ಒ’ ಎಂಟು ಮೂಲೆ. ಎರಡನೆಯದು ಅಲಗಿನ ಕೆಳಗಿನ ಇಳಿಜಾರು: ‘ಎನ್’ ಎಂದರೆ 0, ‘ಪಿ’ ಎಂದರೆ 11, ‘ಡಿ’ ಎಂದರೆ 15, ‘ಇ’ ಎಂದರೆ 20 ಡಿಗ್ರಿ. ಮೂರನೆಯದು ಅಳತೆಯ ನಿಖರತೆಯನ್ನೂ, ನಾಲ್ಕನೆಯದು ಸ್ಕ್ರೂ ರಂಧ್ರ ಮತ್ತು ಚಿಪ್ ಮುರಿಯುವ ತೋಡಿನ ರಚನೆಯನ್ನೂ ಹೇಳುತ್ತವೆ.

16 ಎಂಬುದು ಅಲಗಿನ ಉದ್ದ, ಮಿಲಿಮೀಟರ್‌ಗಳಲ್ಲಿ. 04 ಎಂದರೆ 4.76 ಮಿಲಿಮೀಟರ್ ದಪ್ಪ. ಮುಂದಿನ ‘ಪಿ’ ಅಲಗು 90 ಡಿಗ್ರಿಗೆ ನಿಲ್ಲುತ್ತದೆ ಎಂದೂ, ಆ ಜಾಗದಲ್ಲಿ ‘ಎ’ ಇದ್ದರೆ 45 ಡಿಗ್ರಿ ಎಂದೂ ಅರ್ಥ. ಅದರ ಪಕ್ಕದ ‘ಡಿ’ ಮೇಲ್ಮೈಯನ್ನು ನಯಗೊಳಿಸುವ ಸಣ್ಣ ಅಂಚಿನ ಇಳಿಜಾರು. ‘ಇ’ ದುಂಡಾಗಿಸಿದ ಅಲಗು. ಅಲ್ಲಿ ‘ಎಫ್’ ಇದ್ದರೆ ಹರಿತವಾದದ್ದು, ‘ಟಿ’ ಇದ್ದರೆ ಅಂಚು ಚೆರೆದದ್ದು. ಕೊನೆಯ ‘ಆರ್’ ಬಲಗೈ ತಿರುವು.

ಒಂದು ಎಚ್ಚರಿಕೆಯ ಮಾತು ಅಗತ್ಯ. ಸಂಕೇತ ಒಂದೇ ಆಗಿದ್ದರೂ ಎರಡು ತಯಾರಕರ ಇನ್ಸರ್ಟ್‌ಗಳು ಒಂದೇ ಕಟರ್‌ನಲ್ಲಿ ಸಮನಾಗಿ ಕೂರುತ್ತವೆ ಎಂಬ ಭರವಸೆಯಿಲ್ಲ, ಆದ್ದರಿಂದ ಒಂದೇ ಕಟರ್‌ನಲ್ಲಿ ಅವನ್ನು ಬೆರೆಸಬಾರದು.

ಪಿ, ಎಂ, ಕೆ ಮೊದಲಾದ ಅಕ್ಷರಗಳು ಮತ್ತು ಡಬ್ಬಿಯ ಬಣ್ಣಗಳು ಏನನ್ನು ಸೂಚಿಸುತ್ತವೆ?

ಐಎಸ್‌ಒ 513 ಮಾನದಂಡವು ಕತ್ತರಿಸುವ ಲೋಹಗಳನ್ನು ಆರು ಗುಂಪು ಮಾಡಿದೆ. ಉಕ್ಕಿಗೆ ‘ಪಿ’ ಮತ್ತು ನೀಲಿ, ಸ್ಟೇನ್‌ಲೆಸ್ ಸ್ಟೀಲ್‌ಗೆ ‘ಎಂ’ ಮತ್ತು ಹಳದಿ, ಬೀಡು ಕಬ್ಬಿಣಕ್ಕೆ ‘ಕೆ’ ಮತ್ತು ಕೆಂಪು, ಅಲ್ಯೂಮಿನಿಯಂನಂಥ ಕಬ್ಬಿಣೇತರ ಲೋಹಗಳಿಗೆ ‘ಎನ್’ ಮತ್ತು ಹಸಿರು, ಟೈಟಾನಿಯಂ ಹಾಗೂ ಶಾಖ ತಡೆಯುವ ಮಿಶ್ರಲೋಹಗಳಿಗೆ ‘ಎಸ್’ ಮತ್ತು ಕಂದು, ಗಡುಸುಗೊಳಿಸಿದ ಉಕ್ಕಿಗೆ ‘ಎಚ್’ ಮತ್ತು ಬೂದು. ಅಕ್ಷರದ ಮುಂದಿನ ಸಂಖ್ಯೆ ಚಿಕ್ಕದಿದ್ದರೆ ಇನ್ಸರ್ಟ್ ಸವೆತ ತಡೆಯುವಂಥದ್ದು, ದೊಡ್ಡದಿದ್ದರೆ ಏಟು ತಡೆಯುವಂಥದ್ದು. ಮಿಲ್ಲಿಂಗ್‌ನಲ್ಲಿ ಹಲ್ಲು ಪ್ರತಿ ಸುತ್ತಿಗೂ ಒಳಹೊಕ್ಕು ಹೊರಬರುವುದರಿಂದ ಉಕ್ಕಿಗೆ ಪಿ25ರಿಂದ ಪಿ40ರವರೆಗಿನ ಗ್ರೇಡ್‌ನಿಂದ ಆರಂಭಿಸುವುದು ಕ್ಷೇಮ. ಟರ್ನಿಂಗ್‌ಗೆಂದು (ಲೇಥ್‌ನಲ್ಲಿ ಜಾಬ್ ಅನ್ನೇ ತಿರುಗಿಸಿ ಕತ್ತರಿಸುವುದಕ್ಕೆ) ಮಾಡಿದ ಪಿ10 ಗ್ರೇಡ್ ಇಲ್ಲಿ ಬೇಗ ಚಕ್ಕೆ ಏಳುತ್ತದೆ.

ಪಿವಿಡಿ ಲೇಪನ ಬೇಕೋ, ಸಿವಿಡಿ ಬೇಕೋ?

ಎರಡೂ ಇನ್ಸರ್ಟ್‌ಗೆ ಗಡುಸು ಪದರ ಏರಿಸುವ ವಿಧಾನಗಳು: ಪಿವಿಡಿಯಲ್ಲಿ ವಸ್ತುವನ್ನು ಆವಿಯಾಗಿಸಿ ಕೂರಿಸುತ್ತಾರೆ, ಸಿವಿಡಿಯಲ್ಲಿ ಅನಿಲಗಳ ರಾಸಾಯನಿಕ ಕ್ರಿಯೆಯಿಂದ ಬೆಳೆಸುತ್ತಾರೆ. ಪಿವಿಡಿ ಲೇಪನವನ್ನು ಸುಮಾರು 500 ಡಿಗ್ರಿಯ ಆಸುಪಾಸಿನಲ್ಲಿ ತೆಳುವಾಗಿ ಏರಿಸುತ್ತಾರೆ. ಅಲಗು ಹರಿತವಾಗಿಯೇ ಉಳಿಯುತ್ತದೆ, ಲೇಪನದೊಳಗಿನ ಒತ್ತಡವು ಬಿರುಕು ಹರಡದಂತೆ ತಡೆಯುತ್ತದೆ. ಸಿವಿಡಿ ಲೇಪನವನ್ನು ಅದಕ್ಕಿಂತ ಬಹಳ ಹೆಚ್ಚಿನ, ಸಾಮಾನ್ಯವಾಗಿ 900 ಡಿಗ್ರಿಗೂ ಮಿಕ್ಕ ಬಿಸಿಯಲ್ಲಿ ದಪ್ಪವಾಗಿ ಏರಿಸುತ್ತಾರೆ. ಅದರಲ್ಲಿನ ಅಲ್ಯೂಮಿನಿಯಂ ಆಕ್ಸೈಡ್ ಪದರ ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ. ಸ್ಟೇನ್‌ಲೆಸ್, ಟೈಟಾನಿಯಂ, ಸಣ್ಣ ಕಟರ್, ಅಷ್ಟೇನೂ ಭದ್ರವಲ್ಲದ ಯಂತ್ರ ಇವುಗಳಿಗೆ ಪಿವಿಡಿ ಹೊಂದುತ್ತದೆ. ಬೀಡು ಕಬ್ಬಿಣ ಮತ್ತು ಉಕ್ಕಿನಲ್ಲಿ ಹೆಚ್ಚಿನ ವೇಗದ, ಸ್ಥಿರವಾದ ಕೆಲಸಕ್ಕೆ ಸಿವಿಡಿ ಹೊಂದುತ್ತದೆ.

ಅಲ್ಯೂಮಿನಿಯಂಗೆ ಮಾತ್ರ ಲೇಪನವಿಲ್ಲದ, ಕನ್ನಡಿಯಂತೆ ಹೊಳೆಯುವ, ಚೂಪು ಅಲಗಿನ ಇನ್ಸರ್ಟ್ ಬಳಸಿ. ಟೈಟಾನಿಯಂ ಅಲ್ಯೂಮಿನಿಯಂ ನೈಟ್ರೈಡ್ ಲೇಪನಕ್ಕೆ ಅಲ್ಯೂಮಿನಿಯಂ ಅಂಟಿಕೊಳ್ಳುವ ಪ್ರವೃತ್ತಿ ಇರುವುದರಿಂದ ಉಕ್ಕಿನ ಇನ್ಸರ್ಟ್ ಅಲ್ಲಿ ಬೇಗ ಕೆಡುತ್ತದೆ.

ಸ್ಪಿಂಡಲ್ ವೇಗ, ಟೇಬಲ್ ಫೀಡ್ ಮತ್ತು ಬೇಕಾದ ಶಕ್ತಿಯನ್ನು ಲೆಕ್ಕ ಹಾಕುವುದು ಹೇಗೆ?

ಡಬ್ಬಿಯ ಮೇಲೆ ಕತ್ತರಿಸುವ ವೇಗವನ್ನು ನಿಮಿಷಕ್ಕೆ ಇಷ್ಟು ಮೀಟರ್ ಎಂದು ಕೊಟ್ಟಿರುತ್ತಾರೆ. ಅದನ್ನು 1000ದಿಂದ ಗುಣಿಸಿ, ವ್ಯಾಸ ಮತ್ತು 3.14ರ ಗುಣಲಬ್ಧದಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು ಸಿಗುತ್ತದೆ. 63 ಮಿಲಿಮೀಟರ್ ಕಟರ್, ನಿಮಿಷಕ್ಕೆ 200 ಮೀಟರ್ ವೇಗ ಎಂದಾದರೆ ಸುಮಾರು 1010 ಸುತ್ತು. ಕಟರ್‌ಗೆ 5 ಹಲ್ಲು, ಹಲ್ಲೊಂದಕ್ಕೆ 0.15 ಮಿಲಿಮೀಟರ್ ಫೀಡ್ ಎಂದರೆ ಮೂರನ್ನೂ ಗುಣಿಸಿ ನಿಮಿಷಕ್ಕೆ ಸುಮಾರು 757 ಮಿಲಿಮೀಟರ್ ಟೇಬಲ್ ಫೀಡ್.

ಇದೇ ಕಟರ್ 50 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ಆಳ ತೆಗೆದರೆ ನಿಮಿಷಕ್ಕೆ ಸುಮಾರು 113 ಘನ ಸೆಂಟಿಮೀಟರ್ ಲೋಹ ಬರುತ್ತದೆ. ಸಾಮಾನ್ಯ ಉಕ್ಕಿನ ಕತ್ತರಿಸುವ ನಿರೋಧವನ್ನು ಚದರ ಮಿಲಿಮೀಟರಿಗೆ 2000 ನ್ಯೂಟನ್ ಎಂದು ಹಿಡಿದರೆ, ಅಲಗಿನ ತುದಿಯಲ್ಲೇ 3.8 ಕಿಲೋವ್ಯಾಟ್ ಶಕ್ತಿ ಬೇಕು. ಇದರ ಮೇಲೆ ಸ್ಪಿಂಡಲ್‌ನಲ್ಲಿ ನಷ್ಟವಾಗುವ ಶಕ್ತಿ ಬೇರೆ. ಯಂತ್ರಕ್ಕೆ ಅಷ್ಟು ಶಕ್ತಿ ಇಲ್ಲದಿದ್ದರೆ ಹಲ್ಲಿನ ಫೀಡ್ ತಗ್ಗಿಸಬೇಡಿ, ಆಳವನ್ನೋ ಅಗಲವನ್ನೋ ತಗ್ಗಿಸಿ, ಇಲ್ಲವೇ ಕಡಿಮೆ ಹಲ್ಲಿನ ಕಟರ್ ಹಾಕಿ.

ಕ್ಲೈಂಬ್ ಮಿಲ್ಲಿಂಗ್ ಯಾವಾಗಲೂ ಮೇಲೇ?

ಕಾರ್ಬೈಡ್‌ಗೆ ಬಹುತೇಕ ಯಾವಾಗಲೂ ಹೌದು. ಕ್ಲೈಂಬ್‌ನಲ್ಲಿ, ಅಂದರೆ ಹಲ್ಲು ಜಾಬ್ ಸರಿಯುವ ದಿಕ್ಕಿನಲ್ಲೇ ಕತ್ತರಿಸುವಾಗ, ಚಿಪ್ ದಪ್ಪದಿಂದ ತೆಳುವಿಗೆ ಹೋಗುತ್ತದೆ, ಅದಕ್ಕೆ ವಿರುದ್ಧವಾದ ಸಾಂಪ್ರದಾಯಿಕ ದಿಕ್ಕಿನಲ್ಲಿ ಹಲ್ಲು ಉಜ್ಜುತ್ತಲೇ ಕೆಲಸ ಆರಂಭಿಸುತ್ತದೆ. ಆದರೆ ಹಳೆಯ ಯಂತ್ರದ ಟೇಬಲ್ ಸ್ಕ್ರೂನಲ್ಲಿ ಸಡಿಲಿಕೆ ಇದ್ದರೆ ಕ್ಲೈಂಬ್ ಕಟರ್ ಟೇಬಲ್ ಅನ್ನೇ ತನ್ನ ಕಡೆಗೆ ಎಳೆದುಕೊಂಡು ಇನ್ಸರ್ಟ್‌ಗಳನ್ನು ಒಡೆಯುತ್ತದೆ, ಜಾಬ್ ಅನ್ನು ವೈಸ್‌ನಿಂದ ಕಿತ್ತೆಸೆಯಲೂಬಹುದು. ಅಂಥ ಯಂತ್ರದ ಮುಂದೆ ನಿಂತವರ ಸುರಕ್ಷತೆಯ ದೃಷ್ಟಿಯಿಂದ ಸಾಂಪ್ರದಾಯಿಕ ದಿಕ್ಕೇ ಸರಿ.

ಕೂಲೆಂಟ್ ಹಾಕಬೇಕೇ?

ಉಕ್ಕು ಮತ್ತು ಬೀಡು ಕಬ್ಬಿಣದ ರಫಿಂಗ್ ಅನ್ನು ಒಣದಾಗಿಯೇ ಮಾಡುವುದು ಮೇಲು. ಕತ್ತರಿಸುವಾಗ ಕೆಂಡದಂತೆ ಕಾಯ್ದ ಅಲಗಿಗೆ ಮರುಕ್ಷಣವೇ ತಣ್ಣನೆಯ ದ್ರವ ಬಿದ್ದರೆ, ಹಿಗ್ಗಿ ಕುಗ್ಗಿ ಅಲಗಿನುದ್ದಕ್ಕೂ ಬಾಚಣಿಗೆಯ ಹಲ್ಲಿನಂಥ ಬಿರುಕುಗಳು ಏಳುತ್ತವೆ. ಚಿಪ್ ಹೊರಹಾಕಲು ಒತ್ತಡದ ಗಾಳಿ ಸಾಕು. ಅಲ್ಯೂಮಿನಿಯಂ, ಟೈಟಾನಿಯಂ ಮತ್ತು ಸ್ಟೇನ್‌ಲೆಸ್‌ನ ಫಿನಿಶಿಂಗ್‌ಗೆ ಕೂಲೆಂಟ್ ಬೇಕು. ಅಲ್ಲಿ ಅದು ಧಾರಾಳವಾಗಿ, ಎಡೆಬಿಡದೆ ಬರಬೇಕು. ಆಗೊಮ್ಮೆ ಈಗೊಮ್ಮೆ ಬಾಟಲಿಯಿಂದ ಚಿಮುಕಿಸುವುದು ಎಲ್ಲಕ್ಕಿಂತ ಕೆಟ್ಟದ್ದು.

ಸವೆದ ಇನ್ಸರ್ಟ್ ನೋಡಿ ತಪ್ಪನ್ನು ಕಂಡುಹಿಡಿಯಬಹುದೇ?

ಖಂಡಿತ. ತೆಗೆದ ಇನ್ಸರ್ಟ್ ಅನ್ನು ಎಸೆಯುವ ಮೊದಲು ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನೋಡುವುದು ಪ್ರತಿಯೊಬ್ಬರ ರೂಢಿಯಾಗಬೇಕು. ಅಲಗಿನ ಕೆಳಗಿನ ಪಾರ್ಶ್ವದಲ್ಲಿ ಸಮನಾದ ಪಟ್ಟಿಯಂತೆ ಸವೆತ ಕಂಡರೆ ಅದು ಆರೋಗ್ಯಕರ ಮುಪ್ಪು. ಪಟ್ಟಿ 0.3 ಮಿಲಿಮೀಟರ್ ತಲುಪಿದಾಗ ಬದಲಿಸುವುದು ವಾಡಿಕೆ. ಆ ಪಟ್ಟಿ ಬಹಳ ಬೇಗ ಬಂದರೆ ವೇಗ ಹೆಚ್ಚಾಗಿದೆ ಎಂದರ್ಥ.

ಅಲಗಿನ ಮೇಲೆ ಜಾಬ್‌ನ ಲೋಹವೇ ಅಂಟಿಕೊಂಡಿದ್ದರೆ ವೇಗ ಕಡಿಮೆಯಾಗಿದೆ, ಇಲ್ಲವೇ ಅಲಗು ಆ ಲೋಹಕ್ಕೆ ಸಾಲದಷ್ಟು ಮೊಂಡು. ಸಣ್ಣ ಸಣ್ಣ ಚಕ್ಕೆಗಳು ಎದ್ದಿದ್ದರೆ ಗ್ರೇಡ್ ಅನ್ನು ದೂರುವ ಮೊದಲು ಕಂಪನ, ಹೊರಚಾಚು ಮತ್ತು ಜಾಬ್‌ನ ಹಿಡಿತವನ್ನು ನೋಡಿ. ಅವು ಸರಿಯಿದ್ದರೆ ಮಾತ್ರ ಹೆಚ್ಚು ಏಟು ತಡೆಯುವ ಗ್ರೇಡ್‌ಗೆ ಹೋಗಿ. ಕಟ್‌ನ ಆಳದ ಗೆರೆಯಲ್ಲಿ ಮಾತ್ರ ಗುಳಿ ಬಿದ್ದಿದ್ದರೆ ಜಾಬ್‌ನ ಮೇಲ್ಪದರ ಗಡುಸಾಗಿದೆ. ಪ್ರತಿ ಪಾಸ್‌ನ ಆಳವನ್ನು ಬದಲಿಸುತ್ತಾ ಹೋಗಿ, ಅಥವಾ 90ರ ಬದಲು 45 ಡಿಗ್ರಿ ಇಲ್ಲವೇ ದುಂಡು ಇನ್ಸರ್ಟ್ ಬಳಸಿ.

ಹೊರಚಾಚು ಅಷ್ಟೊಂದು ಮುಖ್ಯವೇ?

ಕಟರ್ ಎಷ್ಟು ಬಾಗುತ್ತದೆ ಎಂಬುದು ಹೊರಚಾಚಿನ ಘನಕ್ಕೆ ಅನುಗುಣವಾಗಿ ಏರುತ್ತದೆ. ಉದ್ದ ಎರಡು ಪಟ್ಟಾದರೆ ಬಾಗುವಿಕೆ ಎಂಟು ಪಟ್ಟು. ವ್ಯಾಸ ಅರ್ಧಕ್ಕೆ ಇಳಿದರೆ ಹದಿನಾರು ಪಟ್ಟು. ಹೋಲ್ಡರ್‌ನೊಳಗೆ ಕಟರ್ ಅನ್ನು ಹತ್ತು ಮಿಲಿಮೀಟರ್ ಒಳಕ್ಕೆ ತಳ್ಳಿದರೆ ಸಿಗುವ ಲಾಭ ಹಲವು ಸಲ ಹೊಸ ಕಟರ್‌ನಿಂದಲೂ ಸಿಗುವುದಿಲ್ಲ.

ಇನ್ಸರ್ಟ್ ಕೂರಿಸುವಾಗ ಗಮನಿಸಬೇಕಾದದ್ದೇನು?

ಸೀಟ್‌ನಲ್ಲಿ ಒಂದು ಸಣ್ಣ ಚಿಪ್ ಉಳಿದರೂ ಆ ಇನ್ಸರ್ಟ್ ಉಳಿದವಕ್ಕಿಂತ ಮೇಲೆದ್ದು, ತನ್ನ ಪಾಲಿಗಿಂತ ಹೆಚ್ಚು ಲೋಹ ಕತ್ತರಿಸಿ ಮೊದಲು ಸಾಯುತ್ತದೆ. ಸೀಟ್ ಅನ್ನು ಒರೆಸಿ, ಇನ್ಸರ್ಟ್ ಅನ್ನು ಬೆರಳಿನಿಂದ ಒತ್ತಿ ಹಿಡಿದು, ತಯಾರಕರು ಸೂಚಿಸಿದ ಟಾರ್ಕ್‌ಗೆ ಸ್ಕ್ರೂ ಬಿಗಿಯಬೇಕು. ತಲೆ ಸವೆದ ಸ್ಕ್ರೂವನ್ನು ಮುಂದುವರಿಸಬೇಡಿ. ಫಿನಿಶಿಂಗ್‌ಗೆ ಮುನ್ನ ಡಯಲ್ ಗೇಜ್ ಇಟ್ಟು ಪ್ರತಿ ಇನ್ಸರ್ಟ್‌ನ ಎತ್ತರ ನೋಡಿದರೆ ಮೇಲ್ಮೈಯಲ್ಲಿ ಗೆರೆ ಬೀಳುವ ಕಾರಣ ಅಲ್ಲೇ ಗೊತ್ತಾಗುತ್ತದೆ.

ಒಂದು ಇನ್ಸರ್ಟ್ ಮಾತ್ರ ಮುರಿದರೆ ಅದೊಂದನ್ನೇ ಬದಲಿಸಬಹುದೇ?

ಬದಲಿಸಬಾರದು. ಮುರಿದ ಹಲ್ಲಿನ ಪಾಲಿನ ಲೋಹವನ್ನು ಅದರ ಹಿಂದಿನ ಹಲ್ಲು ಎರಡು ಪಟ್ಟು ದಪ್ಪದ ಚಿಪ್ ಆಗಿ ಕತ್ತರಿಸಿರುತ್ತದೆ. ಅದು ನೋಡಲು ಚೆನ್ನಾಗಿದ್ದರೂ ಒಳಗೆ ಬಿರುಕು ಬಿಟ್ಟಿರಬಹುದು. ಎಲ್ಲವನ್ನೂ ಹೊಸ ಅಂಚಿಗೆ ತಿರುಗಿಸಿ, ಮುರಿದ ಕಡೆಯ ಸೀಟ್‌ಗೆ ಪೆಟ್ಟಾಗಿದೆಯೇ ಎಂದು ಪರೀಕ್ಷಿಸಿ.

ಬಳಸಿ ಮುಗಿದ ಇನ್ಸರ್ಟ್‌ಗಳನ್ನು ಏನು ಮಾಡಬೇಕು?

ಅವನ್ನು ಕಬ್ಬಿಣದ ಚೂರಿನೊಂದಿಗೆ ಬೆರೆಸದೆ ಪ್ರತ್ಯೇಕ ಡಬ್ಬಿಯಲ್ಲಿ ಕೂಡಿಡಿ. ಅವುಗಳಲ್ಲಿನ ಟಂಗ್‌ಸ್ಟನ್ ಮತ್ತು ಕೋಬಾಲ್ಟ್ ಅನ್ನು ಮರಳಿ ಪಡೆಯಬಹುದಾದ್ದರಿಂದ ಮರುಬಳಕೆಗೆ ಕೊಳ್ಳುವವರು ಇರುತ್ತಾರೆ. ಕಾರ್ಬೈಡ್ ಅನ್ನು ಗ್ರೈಂಡರ್‌ನಲ್ಲಿ ಮಸೆಯುವುದಾದರೆ ಮಾತ್ರ ಧೂಳು ಹೀರುವ ವ್ಯವಸ್ಥೆ ಮತ್ತು ಸರಿಯಾದ ಮುಖಗವಸು ಇಲ್ಲದೆ ಕೂರಬೇಡಿ, ಏಕೆಂದರೆ ಕೋಬಾಲ್ಟ್ ಬೆರೆತ ಆ ಧೂಳು ಶ್ವಾಸಕೋಶಕ್ಕೆ ಶಾಶ್ವತ ಹಾನಿ ಮಾಡಬಲ್ಲದು.